ತಕ್ಕಡಿ ಯಾರ ಕೈಯಲ್ಲಿ?

ಜನರ ಆರೋಗ್ಯವು ಆಸ್ಪತ್ರೆಯಲ್ಲಿ ನಿರ್ಧಾರವಾಗುವದೆಂದು ತಿಳಿಯುವದು ವಾಡಿಕೆ. ಆದರೆ ಆಸ್ಟ್ರೇಲಿಯದ ನಾರ್ದರ್ನ್ ಟೆರಿಟರಿ ಎಂಬ ಉತ್ತರ ಪ್ರಾಂತದಲ್ಲಿಯ ಮೂಲನಿವಾಸಿಗಳ ಸ್ಥಿತಿಯನ್ನು ವಿಚಾರಿಸಿದರೆ, ಅದು ಬಹುಮಟ್ಟಿಗೆ ಅಂಗಡಿಯ ಕಟ್ಟೆಯ ಮೇಲೆಯೇ ನಿರ್ಧಾರವಾಗುವದೆಂದು ಕಂಡುಬರುವದು. ಪೇಟೆಯಿಂದ ನೂರಾರು ಮೈಲು ದೂರದ ಆ ಊರುಗಳಲ್ಲಿ ಸಾಮಾನ್ಯವಾಗಿ ಇರುವದು ಒಂದೇ ಅಂಗಡಿ. ಮಳೆಗಾಲದಲ್ಲಿ ಹೊಳೆಗಳು ತುಂಬಿ ರಸ್ತೆಗಳು ತಿಂಗಳುಗಟ್ಟಲೆ ಮುಚ್ಚುವವು. ಕರಾವಳಿಯ ಊರುಗಳಿಗೂ ದ್ವೀಪಗಳಿಗೂ ಡಾರ್ವಿನ್ ನಗರದಿಂದ ಬರುವ ಸರಕಿನ ಹಡಗೇ ಗತಿ. ಅಂಗಡಿಯವನು ತರಿಸಿದ್ದೇ ಊರಿನ ಊಟ. ಅವನು ಹೇಳಿದ್ದೇ ಬೆಲೆ.

ಈ ಪರಾಧೀನತೆಯು ಆ ಜನರಿಗೆ ಹುಟ್ಟಿನಿಂದ ಬಂದುದಲ್ಲ. ಐವತ್ತು ಸಾವಿರಕ್ಕೂ ಮಿಕ್ಕಿದ ವರ್ಷಗಳ ಕಾಲ ಅವರು ಮೀನು, ಆಮೆ, ಕಾಂಗರೂ, ಕಾಡುಗೆಣಸು, ಕಾಡುಹಣ್ಣುಗಳಿಂದ ತಮ್ಮ ನೆಲದಲ್ಲಿಯೇ ಹೊಟ್ಟೆ ಹೊರೆದುಕೊಂಡವರು. ಬಿಳಿಯರು ನೆಲವನ್ನು ಕಸಿದುಕೊಂಡ ಮೇಲೆ ಅದಕ್ಕೆ ಬದಲಾಗಿ ದೊರೆತದ್ದು ಪಡಿ: ಬಿಳಿಯ ಹಿಟ್ಟು, ಸಕ್ಕರೆ, ಚಹ, ಹೊಗೆಸೊಪ್ಪು. ಪಶುಪಾಲನೆಯ ವಿಶಾಲ ಕ್ಷೇತ್ರಗಳಲ್ಲಿ ದುಡಿದವರಿಗೆ ಕೂಲಿಯ ಬಹುಭಾಗವು ಈ ಪಡಿಯ ರೂಪದಲ್ಲಿಯೇ ಸಂದಿತು. 1966ರಲ್ಲಿ ಬ್ರಿಟಿಷ್ ಬಂಡವಾಳಗಾರರ ಒಡೆತನದ ವೇವ್ ಹಿಲ್ ಕ್ಷೇತ್ರದಿಂದ ಗುರಿಂಜಿ ಜನರು ವಿನ್ಸೆಂಟ್ ಲಿಂಗಿಯಾರಿಯವರ ಮುಂದಾಳುತನದಲ್ಲಿ ಕೆಲಸ ಬಿಟ್ಟು ಹೊರನಡೆದರು. ಸರಿಯಾದ ಕೂಲಿಗಾಗಿ ಹೂಡಿದ ಆ ಹೋರಾಟವು ನೆಲದ ಹಕ್ಕಿನ ಹೋರಾಟವಾಗಿ ಬೆಳೆಯಿತು. 1975ರಲ್ಲಿ ಪ್ರಧಾನಮಂತ್ರಿ ಗಾಫ್ ವಿಟ್ಲಮ್ ಅವರು ಆ ನೆಲದ ಹಿಡಿ ಮಣ್ಣನ್ನು ಲಿಂಗಿಯಾರಿಯವರ ಅಂಗೈಯಲ್ಲಿ ಸುರಿದರು. ಆದರೆ ಪಡಿಯ ಹಿಟ್ಟು ಸಕ್ಕರೆಗಳಿಗೆ ಒಗ್ಗಿಸಲ್ಪಟ್ಟ ಊಟವು ನೆಲದೊಡನೆ ಹಿಂದಿರುಗಲಿಲ್ಲ. ಮಧುಮೇಹ, ಹೃದ್ರೋಗ, ಮೂತ್ರಪಿಂಡದ ರೋಗಗಳು ಮನೆಮನೆಯನ್ನೂ ಹೊಕ್ಕವು.

ಈ ರೋಗಗಳು ಅವರ ರಕ್ತದಲ್ಲಿಯೇ ಇವೆಯೆಂದು ಕೈಚೆಲ್ಲುವವರಿಗೆ 1982ರ ಒಂದು ಪ್ರಯೋಗವು ತಕ್ಕ ಉತ್ತರವಾಗಿದೆ. ವಿದುಷಿ ಕೆರಿನ್ ಓಡೀ ಅವರು ಪಶ್ಚಿಮ ಆಸ್ಟ್ರೇಲಿಯದ ಡರ್ಬಿ ಪಟ್ಟಣದ ಬಳಿಯ ಹತ್ತು ಮಂದಿ ಮಧುಮೇಹಿಗಳೊಡನೆ ಅವರ ಪೂರ್ವಜರ ನೆಲಕ್ಕೆ ಹೋದರು. ಏಳು ವಾರ ಅವರೆಲ್ಲರೂ ಬೇಟೆಯಾಡಿ, ಗೆಡ್ಡೆ ಅಗೆದು, ಮೀನು ಹಿಡಿದು ಬದುಕಿದರು. ಸರಾಸರಿ 8 ಕಿಲೋ ತೂಕ ಇಳಿಯಿತು; ರಕ್ತದಲ್ಲಿಯ ಸಕ್ಕರೆಯ ಅಂಶವು ಬಹಳ ಕೆಳಗಿಳಿಯಿತು. ದೋಷವು ಊಟದಲ್ಲಿಯೂ ಬಾಳಿನ ರೀತಿಯಲ್ಲಿಯೂ ಇದ್ದಿತೆಂಬುದು ಇದರಿಂದ ಸ್ಪಷ್ಟವಾಯಿತು.

ಆದರೆ ಎಲ್ಲರೂ ಎಲ್ಲ ಕಾಲಕ್ಕೂ ಕಾಡಿಗೆ ಮರಳಲಾರರು. ಅಂಗಡಿಯು ಬಂದುದಾಯಿತು; ಅದನ್ನೇ ಆರೋಗ್ಯದ ಸಾಧನವಾಗಿ ಮಾಡಿಕೊಳ್ಳಬೇಕು. ಈ ಕಾರ್ಯಕ್ಕೆ ತಳಹದಿಯು 1972ರಲ್ಲಿ ಬಿದ್ದಿತು. ಆರ್ನೆಮ್ ಲ್ಯಾಂಡ್ ಸೀಮೆಯ ಊರಂಗಡಿಗಳು ಆ ವರ್ಷ ಒಂದು ಸಹಕಾರ ಸಂಘವಾಗಿ ಕೂಡಿಕೊಂಡವು. ಅಲ್ಪಾ ಎಂಬ ಸಂಕ್ಷಿಪ್ತ ಹೆಸರಿನ ಈ ಸಂಸ್ಥೆಯು ಮೂಲನಿವಾಸಿಗಳದೇ ಒಡೆತನದ್ದು. ಕ್ರೋಕರ್ ದ್ವೀಪದ ಮಿಂಜಿಲಾಂಗ್ ಎಂಬ ಊರಿನವರು 1989ರ ಜೂನ್ ತಿಂಗಳಿನಿಂದ ಒಂದು ವರ್ಷ ಕಾಲ ತಮ್ಮ ಅಂಗಡಿಯನ್ನೇ ಕೇಂದ್ರವಾಗಿಟ್ಟುಕೊಂಡು ಆಹಾರ ಸುಧಾರಣೆಯನ್ನು ಕೈಕೊಂಡರು. ಸಕ್ಕರೆ, ಕೊಬ್ಬುಗಳ ಬಳಕೆ ಕಡಿಮೆಯಾಯಿತು. ಜೀವಸತ್ವಗಳು ಹೆಚ್ಚು ದೊರೆತವು. ಊರವರ ರಕ್ತದಲ್ಲಿಯ ಕೊಲೆಸ್ಟರಾಲ್ ಸರಾಸರಿ ನೂರಕ್ಕೆ 12ರಷ್ಟು ತಗ್ಗಿತು.

ಈ ಸುಧಾರಣೆಯನ್ನು ಅಳೆದ ಕ್ರಮವೂ ನಮ್ಮ ಅಧಿಕಾರಿಗಳು ಗಮನಿಸತಕ್ಕದ್ದು. ಏನು ತಿಂದಿರೆಂದು ಮನೆಮನೆಗೆ ಹೋಗಿ ಕೇಳಿದರೆ ಸತ್ಯವಾದ ಉತ್ತರ ಸಿಕ್ಕುವದು ಕಷ್ಟ. ಊರಿಗೆ ಅಂಗಡಿಯೊಂದೇ ಆಗಿರಲು, ಎಷ್ಟು ಸಕ್ಕರೆ, ಎಷ್ಟು ಹಿಟ್ಟು, ಎಷ್ಟು ತರಕಾರಿ ಮಾರಾಟವಾಯಿತೆಂಬುದನ್ನು ಅಂಗಡಿಯ ಲೆಕ್ಕದ ಪುಸ್ತಕವೇ ಹೇಳುವದು. ಆಮ್ಯಾಂಡಾ ಲೀ ಮೊದಲಾದ ವಿದ್ವಾಂಸರು ಈ ಲೆಕ್ಕದಿಂದಲೇ ಇಡೀ ಊರಿನ ಊಟವನ್ನು ಗುಣಿಸಿ ತೆಗೆದರು.

ಮುಂದಿನ ಪ್ರಯೋಗಗಳೂ ಅದೇ ಲೆಕ್ಕವನ್ನು ಅವಲಂಬಿಸಿದವು. 2013ರಿಂದ ಇಪ್ಪತ್ತು ಊರುಗಳಲ್ಲಿ ಹಣ್ಣು ತರಕಾರಿಗಳ ಬೆಲೆಯನ್ನು ನೂರಕ್ಕೆ 20ರಷ್ಟು ಇಳಿಸಿ ನೋಡಲಾಯಿತು. ಅವುಗಳ ಮಾರಾಟವು ನೂರಕ್ಕೆ ಸುಮಾರು 13ರಷ್ಟು ಏರಿತು. 2018ರಲ್ಲಿ ಅಲ್ಪಾ ಸಂಸ್ಥೆಯ ಸಹಕಾರದಿಂದ ಇಪ್ಪತ್ತು ಅಂಗಡಿಗಳನ್ನು ಆರಿಸಿ, ಅವುಗಳಲ್ಲಿ ಹತ್ತರಲ್ಲಿ ಹನ್ನೆರಡು ವಾರ ಸಿಹಿತಿನಿಸು, ಸಕ್ಕರೆ ಪಾನೀಯಗಳನ್ನು ಕಣ್ಣಿಗೆ ಬೀಳುವ ಸ್ಥಳದಿಂದ ತೆಗೆದರು. ಅವುಗಳ ಮೇಲಿನ ರಿಯಾಯಿತಿಗಳನ್ನು ನಿಲ್ಲಿಸಿದರು. ದೊಡ್ಡ ಸೀಸೆಗಳನ್ನು ತಂಪುಪೆಟ್ಟಿಗೆಯಿಂದ ಹೊರಗಿಟ್ಟರು. ಯಾವುದನ್ನೂ ನಿಷೇಧಿಸಲಿಲ್ಲ, ಬೇಕಾದವರು ಕೊಳ್ಳಬಹುದಾಗಿತ್ತು. ಆದರೂ ಆಹಾರದಲ್ಲಿಯ ಸಕ್ಕರೆಯ ಪಾಲು ನೂರಕ್ಕೆ 2.8ರಷ್ಟು ಇಳಿಯಿತು, ಅಂಗಡಿಯ ಲಾಭಕ್ಕೆ ಹಾನಿ ತಟ್ಟಲಿಲ್ಲ. ಅಂಕಿ ಚಿಕ್ಕದೆಂದು ಯಾರೂ ಅಲ್ಲಗಳೆಯಬಾರದು. ಹನ್ನೆರಡೇ ವಾರಗಳಲ್ಲಿ, ದಂಡವಿಲ್ಲದೆ, ಸರಕಿನ ಜಾಗ ಬದಲಿಸಿದ ಮಾತ್ರಕ್ಕೆ ದೊರೆತ ಫಲವಿದು.

ಇದಕ್ಕೆ ತದ್ವಿರುದ್ಧವಾದ ಮಾರ್ಗವನ್ನೂ ಅಲ್ಲಿಯ ಸರಕಾರವು ಹಿಡಿದು ನೋಡಿದೆ. 2007ರಲ್ಲಿ ತುರ್ತುಕ್ರಮವೆಂದು ಘೋಷಿಸಿ, ಮೂಲನಿವಾಸಿಗಳಿಗೆ ಸಲ್ಲುವ ಸಹಾಯಧನದ ಅರ್ಧಭಾಗವನ್ನು ತಡೆಹಿಡಿದು, ಅದನ್ನು ಆಹಾರಾದಿ ಅವಶ್ಯ ವಸ್ತುಗಳಿಗೆ ಮಾತ್ರ ವೆಚ್ಚಮಾಡತಕ್ಕದ್ದೆಂದು ಕಟ್ಟುಮಾಡಿತು. ಒಡೆಯನು ಕೂಲಿಯನ್ನು ಹಿಟ್ಟಿನಲ್ಲಿ ಕೊಡುತ್ತಿದ್ದ ಕಾಲದ ನೆನಪು ಅನೇಕರಿಗೆ ಬಾರದಿರಲಿಲ್ಲ. ಹತ್ತು ಅಂಗಡಿಗಳ ಮಾರಾಟವನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿಯು, ಈ ಕಟ್ಟಿನಿಂದ ಹಣ್ಣು ತರಕಾರಿಗಳ ಮಾರಾಟವು ಹೆಚ್ಚಲಿಲ್ಲ, ಹೊಗೆಸೊಪ್ಪಿನದೂ ಸಕ್ಕರೆ ಪಾನೀಯಗಳದೂ ತಗ್ಗಲಿಲ್ಲವೆಂದು ಸಾರಿತು. ಕೊಳ್ಳುವವನ ಕೈ ಕಟ್ಟಿದ್ದರಿಂದ ಆಗದ ಕೆಲಸವು, ಅಂಗಡಿಯ ಒಡೆತನವನ್ನು ಅವನಿಗೇ ವಹಿಸಿದಲ್ಲಿ ಅಲ್ಪಸ್ವಲ್ಪವಾದರೂ ಸಾಧಿಸಿತು. ರಾಜ್ಯಕಾರಣದ ಪಾಠವು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ದೊರೆಯಬೇಕು?

ಊರವರ ಅಂಗಡಿಯೆಂದ ಮಾತ್ರಕ್ಕೆ ಸಕಲವೂ ಸರಿಹೋಗುವದೆಂದು ನಾವು ಹೇಳುವದಿಲ್ಲ. ದೂರದ ಸಾಗಾಣಿಕೆಯಿಂದ ಅಲ್ಲಿಯ ಬೆಲೆಗಳು ನಗರದ ಬೆಲೆಗಳಿಗಿಂತ ಬಹಳ ಹೆಚ್ಚು. ಈ ದೂರನ್ನು 2020ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಣೆಗೆ ಎತ್ತಿಕೊಂಡಿತು. ಅವಶ್ಯವಾದ 30 ಪದಾರ್ಥಗಳನ್ನು ದೂರದ ಊರುಗಳ 150ಕ್ಕೂ ಮಿಕ್ಕಿದ ಅಂಗಡಿಗಳಲ್ಲಿ ನಗರದ ಬೆಲೆಗೆ ದೊರಕಿಸುವೆವೆಂದು ಸರಕಾರವು 2025ರಲ್ಲಿ ಸಾರಿತು. ಹಡಗಿನ ಬಾಡಿಗೆಯ ಭಾರವನ್ನು ಬಡವನ ಬುಟ್ಟಿಯ ಮೇಲಿಂದ ಇಳಿಸುವದು ಸರಕಾರದ ಕರ್ತವ್ಯವೇ ಸರಿ. ಅನೇಕ ಮನೆಗಳಲ್ಲಿ ಸರಿಯಾದ ಒಲೆಯಿಲ್ಲ, ಆಹಾರವನ್ನು ಕೆಡದಂತೆ ಇಡುವ ಪೆಟ್ಟಿಗೆಯಿಲ್ಲ. ಒಲೆಯಿಲ್ಲದ ಮನೆಗೆ ತರಕಾರಿಯನ್ನು ಉಪದೇಶಿಸಿ ಫಲವೇನು?

ನಮ್ಮ ನಾಡಿನ ಕಾಡಂಚಿನ ಹಾಡಿಗಳಿಗೆ ಪಡಿತರ ಹಂಚುವ ಅಧಿಕಾರಿಗಳು ಈ ವೃತ್ತಾಂತವನ್ನು ಮನನಮಾಡಬೇಕೆಂದು ಬೇಡುತ್ತೇವೆ. ಎಷ್ಟು ಚೀಲ ಹಂಚಿದೆವೆಂಬ ಲೆಕ್ಕ ಕಚೇರಿಯಲ್ಲಿ ಇದ್ದೇ ಇರುವದು. ಆ ಚೀಲದಲ್ಲಿ ಏನಿರಬೇಕೆಂದು ಹಾಡಿಯವರನ್ನು ಕೇಳಿದ ಲೆಕ್ಕವೂ ಅದರ ಪಕ್ಕದಲ್ಲಿರಲಿ. ಉಣ್ಣುವವರ ಕೈಗೆ ತಕ್ಕಡಿಯನ್ನು ಕೊಟ್ಟು, ಸಾಗಾಣಿಕೆಯ ವೆಚ್ಚವನ್ನು ತಾನು ಹೊತ್ತುಕೊಳ್ಳುವ ಸರಕಾರವೇ ಪ್ರಜೆಗಳ ಸರಕಾರವೆನಿಸುವದು.