ಸ್ಟಿಕ್ಕಿಗೆ ಅಂಟದ ಚೆಂಡು

ಹಾಕಿ ಸ್ಟಿಕ್ಕಿನೊಳಗೆ ಅಯಸ್ಕಾಂತ ಅಡಗಿಸಿ ಚೆಂಡನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಚೆಂಡಿನಲ್ಲಿ ಕಬ್ಬಿಣ ಇಲ್ಲ. ಅಲ್ಲಿಗೆ ಮುಗಿಯಬೇಕಾದ ಮಾತು ಮುಗಿಯದೆ ಉಳಿದಿದೆ. ಹಾಕಿಪಟು ಧ್ಯಾನ್‌ಚಂದ್ ಹುಟ್ಟಿದ ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ. ಆ ದಿನ ಬಂಟ್ವಾಳವಿರಲಿ, ಬೆಳ್ತಂಗಡಿಯಿರಲಿ, ಮೂಡುಬಿದಿರೆಯಿರಲಿ, ಶಾಲೆಯ ಮೈಕಿನ ಮುಂದೆ ನಿಂತ ಹುಡುಗ ಬಾಯಿಪಾಠ ಮಾಡಿದ ಅದೇ ಕತೆ ಒಪ್ಪಿಸುತ್ತಾನೆ: ವಿದೇಶದ ಅಧಿಕಾರಿಗಳಿಗೆ ಸಂಶಯ ಬಂತು, ಧ್ಯಾನ್‌ಚಂದರ ಸ್ಟಿಕ್ ಮುರಿದು ನೋಡಿದರು, ಒಳಗೆ ಅಯಸ್ಕಾಂತ ಇರಲಿಲ್ಲ. ಚಪ್ಪಾಳೆ. ಒಬ್ಬರ ಕತೆಯಲ್ಲಿ ಅದು ನೆದರ್‌ಲ್ಯಾಂಡ್ಸ್, ಇನ್ನೊಬ್ಬರದರಲ್ಲಿ ಜಪಾನ್. ಒಬ್ಬರಿಗೆ ಅಯಸ್ಕಾಂತ, ಇನ್ನೊಬ್ಬರಿಗೆ ಅಂಟು. ಯಾವ ಪಂದ್ಯ, ಯಾವ ತಾರೀಕು, ಮುರಿದವರು ಯಾರು ಎಂದು ಕೇಳಿದರೆ ಮೈಕು ಮುಂದಿನವರ ಕೈಗೆ ಹೋಗುತ್ತದೆ.

ಆ ಕಾಲದ ಹಾಕಿ ಚೆಂಡು ಕ್ರಿಕೆಟ್ ಚೆಂಡಿನ ದಾಯಾದಿ. ಒಳಗೆ ಕಾರ್ಕ್ ಮತ್ತು ದಾರ, ಮೇಲೆ ಬಿಳಿ ಬಳಿದ ತೊಗಲು, ತೂಕ ಸುಮಾರು 160 ಗ್ರಾಂ. ಈಗಿನದು ಪ್ಲಾಸ್ಟಿಕ್. ಎರಡನ್ನೂ ಅಯಸ್ಕಾಂತ ಮೂಸಿಯೂ ನೋಡುವುದಿಲ್ಲ. ಪರೀಕ್ಷೆಗೆಂದು ಸ್ಟಿಕ್ ಮುರಿಯುವ ಅಗತ್ಯವೂ ಇರಲಿಲ್ಲ. ಒಂದು ಗುಂಡುಸೂಜಿ ಹಿಡಿದಿದ್ದರೆ ಸಾಕಿತ್ತು. ಅಂಟಿನ ಕತೆಯಂತೂ ಇನ್ನೂ ಕಷ್ಟದ್ದು: ಅಂಟಿಕೊಂಡ ಚೆಂಡನ್ನು ಗೋಲಿಗೆ ಹೊಡೆಯುವುದು ಹೇಗೆ?

ಅಂಕಿಗಳೂ ಈ ಕತೆಗೆ ಒಗ್ಗುವುದಿಲ್ಲ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಭಾರತ ಅಮೆರಿಕವನ್ನು 24–1ರಿಂದ ಸೋಲಿಸಿತು. ಅದರಲ್ಲಿ ಧ್ಯಾನ್‌ಚಂದ್ ಗೋಲು 8, ತಮ್ಮ ರೂಪ್ ಸಿಂಗ್ ಗೋಲು 10. ಅಣ್ಣನ ಸ್ಟಿಕ್ಕಿಗೆ ಚೆಂಡು ಅಂಟಿಕೊಂಡಿದ್ದರೆ ತಮ್ಮನಿಗೆ ಹತ್ತು ಗೋಲು ಹೊಡೆಯಲು ಚೆಂಡು ಎಲ್ಲಿಂದ ಬಂತು? ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಂತ ಧ್ಯಾನ್‌ಚಂದ್ ಎಡಕ್ಕೂ ಬಲಕ್ಕೂ ಚೆಂಡು ಹಂಚುತ್ತಿದ್ದುದರಿಂದಲೇ ಆ ತಂಡದ ಐದೂ ಫಾರ್ವರ್ಡ್‌ಗಳು ಅಪಾಯಕಾರಿಗಳಾಗಿದ್ದರು. 1948 ಮತ್ತು 1952ರಲ್ಲಿ ಚಿನ್ನ ಗೆದ್ದ ಕೇಶವ್ ದತ್ ಅವರೂ ಧ್ಯಾನ್‌ಚಂದರ ಪ್ರತಿಭೆ ಇದ್ದದ್ದು ತಲೆಯಲ್ಲಿ ಎಂದೇ ಹೇಳಿದವರು. ಯಾರು ಎಲ್ಲಿದ್ದಾರೆಂದು ನೋಡದೆಯೇ ಅವರಿಗೆ ತಿಳಿಯುತ್ತಿತ್ತಂತೆ. ಹೊಗಳಲು ಹೊರಟ ಅಯಸ್ಕಾಂತದ ಕತೆ ಆ ತಲೆಯನ್ನೇ ಬಿಟ್ಟು ಕಟ್ಟಿಗೆಯನ್ನು ಹೊಗಳುತ್ತದೆ.

ಡ್ರಿಬ್ಲಿಂಗ್ ಎಂದರೆ ಚೆಂಡು ಸ್ಟಿಕ್ಕಿಗೆ ತಾಗಿಕೊಂಡೇ ಇರುವುದು ಎಂಬುದು ಇದರ ಮರಿ ನಂಬಿಕೆ. ಮೈದಾನದ ಹಾಕಿಯಲ್ಲಿ ಸ್ಟಿಕ್ಕಿನ ಚಪ್ಪಟೆ ಬದಿಯಿಂದ ಮಾತ್ರ ಆಡಬಹುದು. ಆದ್ದರಿಂದ ಚೆಂಡನ್ನು ಬಲದಿಂದ ಎಡಕ್ಕೆ ತಟ್ಟಿದ ಮರುಕ್ಷಣ ಮಣಿಕಟ್ಟು ತಿರುಗಿ ಸ್ಟಿಕ್ ಮಗುಚಬೇಕು, ಮತ್ತೆ ತಟ್ಟಬೇಕು. ಈ ತಟ್ಟುಗಳ ನಡುವೆ ಚೆಂಡು ಒಂಟಿಯಾಗಿ ಉರುಳುತ್ತಿರುತ್ತದೆ. ತಿರುಗಿಸುವುದು ಮೇಲಿನ ಎಡಗೈ; ಕೆಳಗಿನ ಬಲಗೈ ಸಡಿಲ ಕೊಳವೆಯ ಹಾಗೆ. ಅಂಟಿದಂತೆ ಕಾಣುವುದು ಗ್ಯಾಲರಿಯ ದೂರದಿಂದ.

ಐಸ್ ಹಾಕಿಯಲ್ಲಿ ನಿಯಮ ಬೇರೆ, ಭ್ರಮೆ ಒಂದೇ. ಅಲ್ಲಿ ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ: ಅಡ್ಡಳತೆ ಸುಮಾರು 7.6 ಸೆಂ.ಮೀ., ದಪ್ಪ 2.5 ಸೆಂ.ಮೀ., ತೂಕ 156ರಿಂದ 170 ಗ್ರಾಂ. ಪುಟಿಯದಿರಲಿ ಎಂದು ಅದನ್ನು ಆಟಕ್ಕೆ ಮೊದಲು ಫ್ರೀಜರಿನಲ್ಲಿಡುತ್ತಾರೆ. ಸ್ಟಿಕ್ಕಿನ ಎರಡೂ ಬದಿಯಿಂದ ಆಡಬಹುದಾದ್ದರಿಂದ ಮಗುಚುವ ಕೆಲಸವಿಲ್ಲ. ಅಲಗನ್ನು ಪಕ್ಕಿನ ಮೇಲೆ ತುಸು ಕವುಚಿ ಅತ್ತಿತ್ತ ಒಯ್ಯುತ್ತಾರೆ. ಅಲಗಿಗೆ ಸುತ್ತಿದ ಕಪ್ಪು ಟೇಪೇ ಪಕ್ಕನ್ನು ಹಿಡಿಯುವ ಗೋಂದು ಎಂದು ನಂಬಿದವರಿದ್ದಾರೆ. ಟೇಪಿನ ಅಂಟು ಒಳಮುಖ. ಹೊರಗಿರುವುದು ಬಟ್ಟೆ, ಅದರ ಮೇಲೂ ಹಿಮ ಹತ್ತದಂತೆ ಮೇಣ ಉಜ್ಜುತ್ತಾರೆ.

ಈ ಆಟದ ಅತಿದೊಡ್ಡ ಹೆಸರು ಕೆನಡಾದ ವೇನ್ ಗ್ರೆಟ್ಸ್‌ಕಿ. ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಅವರ ಗೋಲು 894, ಅಸಿಸ್ಟ್ 1,963. ಗೋಲಿಗೆ ಮುಂಚೆ ಪಕ್ ದಾಟಿಸಿಕೊಟ್ಟವರ ಹೆಸರಿಗೆ ಬರೆಯುವ ಲೆಕ್ಕವೇ ಅಸಿಸ್ಟ್. ಒಂದು ಗೋಲಿಗೆ ಹೆಚ್ಚೆಂದರೆ ಇಬ್ಬರಿಗೆ. ಗೋಲು, ಅಸಿಸ್ಟ್ ಎರಡನ್ನೂ ಕೂಡಿಸಿದ ಪಟ್ಟಿಯಲ್ಲಿ ಎರಡನೆಯವರಾದ ಯಾರೊಮಿರ್ ಯಾಗರ್ ಅವರದು 1,921. ಅಂದರೆ ಗ್ರೆಟ್ಸ್‌ಕಿ ಜೀವಮಾನದಲ್ಲಿ ಒಂದೂ ಗೋಲು ಹೊಡೆಯದಿದ್ದರೂ ಮೊದಲ ಸ್ಥಾನ ಅವರದೇ. ಗೋಲಿನ ದಾಖಲೆಯನ್ನು 2025ರ ಏಪ್ರಿಲ್‌ನಲ್ಲಿ ಅಲೆಕ್ಸಾಂಡರ್ ಒವೆಚ್ಕಿನ್ ಮುರಿದರು. ಅಸಿಸ್ಟಿನ ದಾಖಲೆಯ ಹತ್ತಿರ ಯಾರೂ ಇಲ್ಲ.

ಅಸಿಸ್ಟ್ ಸಿಗಬೇಕಾದರೆ ಪಕ್ಕನ್ನು ‘ಫ್ರೀ’ ಇರುವ ಜೊತೆಗಾರನಿಗೆ ದಾಟಿಸಬೇಕು. ಹಾಗಾದರೆ ಫ್ರೀ ಇರುವವನು ಯಾರು? ಹತ್ತಿರ ಎದುರಾಳಿ ಇಲ್ಲದವನು ಎಂಬುದು ಸಾಮಾನ್ಯ ಉತ್ತರ, ಮತ್ತು ತಪ್ಪು ಉತ್ತರ. ಐದು ಮೀಟರ್ ಸುತ್ತ ಯಾರೂ ಇಲ್ಲದಿದ್ದರೂ ಪಾಸಿನ ದಾರಿಯಲ್ಲಿ ಒಂದು ಎದುರಾಳಿ ಸ್ಟಿಕ್ ಚಾಚಿಕೊಂಡಿದ್ದರೆ ಅವನು ಫ್ರೀ ಅಲ್ಲ. ಬೆನ್ನಿಗೆ ಎದುರಾಳಿ ಅಂಟಿಕೊಂಡಿದ್ದರೂ ತನ್ನ ಸ್ಟಿಕ್ಕನ್ನು ಬಯಲಿನ ಬದಿಗೆ ಇಟ್ಟವನು ಫ್ರೀ. ದಾರಿ ಮುಚ್ಚಿದ್ದರೆ ಪಕ್ಕನ್ನು ತಿರುಗುವಂತೆ ಎತ್ತಿ ಅಡ್ಡ ಬಂದ ಸ್ಟಿಕ್ಕಿನ ಮೇಲಿಂದ ದಾಟಿಸಬಹುದು, ಐಸ್ ಅಂಕಣದ ಸುತ್ತಲಿನ ಹಲಗೆಗೆ ತಾಗಿಸಿಯೂ ಕಳಿಸಬಹುದು. ಪಾಸ್ ಹೋಗಬೇಕಾದ್ದು ಜೊತೆಗಾರ ನಿಂತಲ್ಲಿಗಲ್ಲ, ಮುಂದಿನ ಕ್ಷಣ ತಲುಪುವಲ್ಲಿಗೆ. ಇದನ್ನೆಲ್ಲ ಪಕ್ ಕೈಗೆ ಬಂದ ಮೇಲೆ ಹುಡುಕಲು ಹೊತ್ತಿರುವುದಿಲ್ಲ; ಬರುವ ಮೊದಲೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿ ಮುಗಿದಿರಬೇಕು. ಕೈಗೆ ಪಕ್ಕಿನ ಸ್ಪರ್ಶ ಸಾಕಾಗುವಷ್ಟು ಅಭ್ಯಾಸವಿದ್ದವನ ಕಣ್ಣಿಗೆ ಮಾತ್ರ ಆ ಬಿಡುವು ಸಿಗುತ್ತದೆ. ಹಿಡಿತದ ಅಭ್ಯಾಸದಿಂದ ಆಗುವ ಮುಖ್ಯ ಉಪಯೋಗ ಇದು.

ವಿಚಿತ್ರವೆಂದರೆ ಬಂಟ್ವಾಳ, ಬೆಳ್ತಂಗಡಿ ಸೀಮೆಯ ಪ್ರೇಕ್ಷಕನಿಗೆ ಇದು ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟದಲ್ಲಿ ಲಿಫ್ಟರ್ ಮುಂದಕ್ಕೆ ಎತ್ತುವಂತೆ ತೋರಿಸಿ ತಲೆಯ ಹಿಂದಕ್ಕೆ ಎತ್ತಿಕೊಟ್ಟು, ಬ್ಲಾಕಿಗೆ ಹಾರಿದವರನ್ನು ಪೆಚ್ಚಾಗಿಸಿದರೆ ಅಂಗಳವೇ ಎದ್ದು ಕೂಗುತ್ತದೆ. ಚೆಂಡನ್ನು ಹಿಡಿದಿಡುವುದು ಅಲ್ಲಿ ತಪ್ಪಾಟ, ಆದ್ದರಿಂದ ಯಾರೂ ಅಯಸ್ಕಾಂತ ಹುಡುಕುವುದಿಲ್ಲ. ಅದೇ ಪ್ರೇಕ್ಷಕ ಹಾಕಿಯ ಮಾತು ಬಂದಾಗ ಮಂತ್ರವಾದಕ್ಕೆ ಜಾರುತ್ತಾನೆ.

ಉಳಿದ ನಂಬಿಕೆಗಳಿಗೆ ಒಂದೆರಡು ವಾಕ್ಯ ಸಾಕು. ಹಾಕಿ ಭಾರತದ ರಾಷ್ಟ್ರೀಯ ಕ್ರೀಡೆ ಅಲ್ಲ. ಯಾವ ಆಟವನ್ನೂ ಹಾಗೆ ಘೋಷಿಸಿಲ್ಲವೆಂದು ಕೇಂದ್ರ ಸರ್ಕಾರವೇ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಬಂದ ಕೃತಕ ಹುಲ್ಲು ಡ್ರಿಬ್ಲಿಂಗನ್ನು ಕೊಲ್ಲಲಿಲ್ಲ. ಸಮತಟ್ಟು ನೆಲದಲ್ಲಿ ಚೆಂಡು ಹೆಚ್ಚು ನೆಟ್ಟಗೆ ಉರುಳಿತು, ಓಟ ಮತ್ತು ಪಾಸಿನ ವೇಗ ಏರಿತು, ಒಬ್ಬನೇ ಐವರನ್ನು ದಾಟುವ ಹೊತ್ತು ಕಡಿಮೆಯಾಯಿತು. ಕೊಡವರಿಗೆ ಹಾಕಿ ರಕ್ತದಲ್ಲೇ ಬಂದಿದೆ ಎಂಬ ಮಾತಿಗೆ ಉತ್ತರ ಕೊಡಗಿನ ಮೈದಾನಗಳಲ್ಲಿದೆ: 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವಕ್ಕೆ ಅಂದು 60 ತಂಡ, 2024ರಲ್ಲಿ ನಾಪೋಕ್ಲಿಗೆ ಬಂದದ್ದು 360 ತಂಡ. ಐಸ್ ಹಾಕಿ ಭಾರತಕ್ಕೆ ಸಂಬಂಧವಿಲ್ಲದ ಆಟ ಎನ್ನುವವರು ಲಡಾಖ್‌ನ ಹೆಪ್ಪುಗಟ್ಟಿದ ಕೊಳಗಳನ್ನು ನೋಡಬೇಕು. 2025ರ ಏಷ್ಯಾ ಕಪ್‌ನಲ್ಲಿ ಭಾರತದ ಮಹಿಳೆಯರು ಕಂಚು ಗೆದ್ದಿದ್ದಾರೆ.

ಪವಾಡದ ಹಸಿವು ಹಾಕಿಗಷ್ಟೇ ಸೀಮಿತವಲ್ಲ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕೆಸರಿನ ಓಟದ ಹಾದಿಯನ್ನು, ಅಂದರೆ ಕರೆಯನ್ನು, 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿದರು: ನೂರು ಮೀಟರಿಗೆ 9.55 ಸೆಕೆಂಡ್. ಉಸೇನ್ ಬೋಲ್ಟ್‌ರ ವಿಶ್ವದಾಖಲೆ 9.58. ದೇಶಕ್ಕೆ ದೇಶವೇ ಕುಣಿಯಿತು, ಕ್ರೀಡಾ ಸಚಿವರು ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಟ್ರಯಲ್ಸ್‌ಗೆ ಕರೆದರು. ಮುಂದೆ ಕೋಣಗಳ ಜೋಡಿ ಎಳೆಯುತ್ತಿತ್ತು ಎಂಬುದು ಭಾಗಾಕಾರದಲ್ಲಿ ಬರಲೇ ಇಲ್ಲ. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರು ಕಂಬಳದಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ ಇನ್ನೂ ವೇಗವಾಗಿ ಓಡಿದಾಗ ಲೆಕ್ಕ 9.51ಕ್ಕೆ ಇಳಿಯಿತು, ಇಷ್ಟು ಹೊತ್ತಿಗಾದರೂ ಭಾಗಾಕಾರದ ಮೇಲೆ ಅನುಮಾನ ಬರಬೇಕಿತ್ತು. ತಲೆಕೆಡಿಸಿಕೊಳ್ಳದವರು ಗೌಡರೊಬ್ಬರೇ. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದು ಹೇಳಿ, ಹೆಚ್ಚುಗಾರಿಕೆಯನ್ನು ಕೋಣಗಳಿಗೆ ಕೊಟ್ಟು, ಟ್ರಯಲ್ಸ್‌ಗೆ ಹೋಗಲು ಒಪ್ಪಲಿಲ್ಲ. ಐಸ್ ಹಾಕಿಯ ಲೆಕ್ಕದ ಪುಸ್ತಕದಲ್ಲಾಗಿದ್ದರೆ ಆ ಓಟದ ಎರಡೂ ಅಸಿಸ್ಟ್ ಕೋಣಗಳ ಹೆಸರಿಗೆ ಬೀಳುತ್ತಿದ್ದವು.