ಪರದೆಯ ಮೇಲಿನ ಲಾಭ, ಕೈಗೆ ಬಾರದ ರೊಕ್ಕ



ಅಡಿಕೆ ಸುಲಿದು, ಕಾಫಿ ಒಣಗಿ ಚೀಲ ಸೇರಿದ ಮೇಲೆ ಬೆಳೆಗಾರನ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಆ ಕಾಲ ಯಾವುದೆಂಬುದು ಮೋಸಗಾರರಿಗೂ ಚೆನ್ನಾಗಿ ಗೊತ್ತು. ಆದ್ದರಿಂದ ಈ ಸಲ ಗೊಬ್ಬರ, ಔಷಧಿಯ ಮಾತು ಬಿಟ್ಟು ಕ್ರಿಪ್ಟೋ ನಾಣ್ಯದ ಹೆಸರಿನಲ್ಲಿ ನಡೆಯುವ ವಂಚನೆಯ ಬಗ್ಗೆ ಬರೆಯುತ್ತಿದ್ದೇನೆ.

ಈಚೆಗೆ ಧಾರವಾಡದ ಹತ್ತಿರದ ಉಪ್ಪಿನಬೆಟಗೇರಿಗೆ ಬೀಗರ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಅವರ ಬಳಗದ ಹುಡುಗನೊಬ್ಬ ಮೊಬೈಲ್ ತೋರಿಸಿದ. ವಾಟ್ಸಪ್ ಗುಂಪಿನಲ್ಲಿ ಪರಿಚಯವಾದ ಯಾರೋ ಹೇಳಿದರೆಂದು ಹತ್ತು ಸಾವಿರ ಹಾಕಿದ್ದ. ಪರದೆಯಲ್ಲಿ ಅದು ನಲವತ್ತು ಸಾವಿರವಾಗಿತ್ತು. "ಎರಡ ಸಲ ಸ್ವಲ್ಪ ಸ್ವಲ್ಪ ರೊಕ್ಕ ತಗದೇನ್ರಿ ಮಾವಾರ, ಸುಳ್ಳಲ್ಲ. ಈಗ ಎತ್ತು ಮಾರಿ ಎಲ್ಲಾ ಇದರಾಗ ಹಾಕಬೇಕಂತೀನಿ" ಎಂದ. "ಹಾಕುವ ಮೊದಲು ಆ ನಲವತ್ತೂ ತೆಗೆದು ತೋರಿಸಪ್ಪ" ಎಂದೆ. ತೆಗೆಯಲು ಹೋದರೆ, ಮೊದಲು ಎಂಟು ಸಾವಿರ 'ತೆರಿಗೆ' ಕಟ್ಟಿರಿ ಎಂಬ ಉತ್ತರ ಬಂತು. ಹುಡುಗನ ಮುಖ ಸಪ್ಪಗಾಯಿತು. ಎತ್ತುಗಳು ಮಾತ್ರ ಕೊಟ್ಟಿಗೆಯಲ್ಲೇ ಉಳಿದವು.

ಈ ಆಟ ನಮಗೆ ಹೊಸದಲ್ಲ. ಗುರುತಿಲ್ಲದ ವ್ಯಾಪಾರಿ ಮೊದಲೆರಡು ಸಲ ನಗದು ಎಣಿಸಿ ನಂಬಿಕೆ ಗಳಿಸಿ, ಮೂರನೆಯ ಸಲ ಇಡೀ ಫಸಲನ್ನು ಉದ್ರಿ ಒಯ್ದು ಕಾಣೆಯಾಗುವುದನ್ನು ಕೇಳಿದ್ದೇವೆ. ಮೊದಲು ಕೊಟ್ಟ ಆ ಹಣವೇ ಗಾಳ.

ಹಾಗೆಂದು ಕ್ರಿಪ್ಟೋ ಎಂಬುದೆಲ್ಲ ಸುಳ್ಳೆಂದಲ್ಲ. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಕಂಪ್ಯೂಟರ್ ಲೆಕ್ಕದಲ್ಲಷ್ಟೇ ಇರುವ ನಾಣ್ಯ. ಅದರ ಬೆಲೆ ವಿಪರೀತ ಏರುತ್ತದೆ, ಇಳಿಯುತ್ತದೆ. ಹೀಗೆ ಏರಿಳಿಯುವ ವಸ್ತುವಿನ ಮೇಲೆ ನಿಶ್ಚಿತ ಲಾಭ ಕೊಡುತ್ತೇನೆ ಎನ್ನುವವನ ಮಾತಿನಲ್ಲೇ ಮೋಸವಿದೆ. ಬರುವ ವರ್ಷದ ಅಡಿಕೆ ಧಾರಣೆಯನ್ನು ನಮ್ಮಲ್ಲಿ ಯಾರಾದರೂ ಬರೆದು ಕೊಡಬಲ್ಲೆವೇ?

2015ರಲ್ಲಿ ಶುರುವಾದ 'ಗೇನ್‌ಬಿಟ್‌ಕಾಯಿನ್' ಯೋಜನೆಯನ್ನು ನೋಡಿ. ತಿಂಗಳಿಗೆ ಶೇ. 10ರಂತೆ 18 ತಿಂಗಳು ಬಿಟ್‌ಕಾಯಿನ್ ರೂಪದಲ್ಲೇ ಲಾಭ ಕೊಡುತ್ತೇವೆಂದರು. ಅಂದರೆ ನೂರಕ್ಕೆ ನೂರಎಂಬತ್ತು. ಹೊಸಬರನ್ನು ಸೇರಿಸಿದವರಿಗೆ ಕಮಿಷನ್ ಬೇರೆ. ಹೊಸಬರ ಬರವು ತಗ್ಗಿದಾಗ, 2017ರಲ್ಲಿ, ಬಿಟ್‌ಕಾಯಿನ್ ಬದಲು ತಮ್ಮದೇ 'ಎಂಕ್ಯಾಪ್' ಎಂಬ ಅಗ್ಗದ ನಾಣ್ಯ ಕೊಡತೊಡಗಿದರು. 2018ರಲ್ಲಿ ಮುಖ್ಯ ಆರೋಪಿಯ ಬಂಧನವಾಯಿತು; 2022ರಲ್ಲಿ ಆತ ತೀರಿಕೊಂಡ. 2025ರ ಫೆಬ್ರವರಿಯಲ್ಲಿಯೂ ಸಿ.ಬಿ.ಐ.ನವರು ಬೆಂಗಳೂರು, ಕೊಲ್ಹಾಪುರ ಸೇರಿ 60ಕ್ಕೂ ಹೆಚ್ಚು ಕಡೆ ಶೋಧ ನಡೆಸಿದರು. ಹತ್ತು ವರ್ಷವಾದರೂ ತನಿಖೆ ಮುಗಿದಿರಲಿಲ್ಲ.

"ಸರ್ಕಾರವೇ ತೆರಿಗೆ ಹಾಕಿದೆಯಲ್ಲ, ಮತ್ತೇನು ಭಯ?" ಎಂದು ಕೆಲವರು ಕೇಳುತ್ತಾರೆ. 2022ರಿಂದ ಇದರ ಲಾಭದ ಮೇಲೆ ಶೇ. 30 ತೆರಿಗೆ ಇರುವುದು ನಿಜ. ಆದರೆ ತೆರಿಗೆ ಎಂದರೆ ಭರವಸೆಯಲ್ಲ. ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿವರೆಗಿನ ವಿಮೆ ಇದಕ್ಕಿಲ್ಲ. ನಿಮ್ಮ ಹಣವನ್ನು ನಿಮಗೇ ಕೊಡಲು ಮುಂಗಡ ತೆರಿಗೆ ಕೇಳುವವನು ಸರ್ಕಾರದವನಂತೂ ಅಲ್ಲವೇ ಅಲ್ಲ.

ಸದಸ್ಯರು ನೆನಪಿಡಬೇಕಾದ ಅಂಶಗಳು:

1. ನಿಶ್ಚಿತ ಲಾಭ, ಜನ ಸೇರಿಸಿದರೆ ಕಮಿಷನ್, ಇಂದೇ ಕಟ್ಟಬೇಕೆಂಬ ಅವಸರ - ಇವುಗಳಲ್ಲಿ ಒಂದಿದ್ದರೂ ದೂರವಿರಿ.

2. ಯಾರೋ ಕಳಿಸಿದ ಲಿಂಕಿನಿಂದ ಆ್ಯಪ್ ಹಾಕಿಕೊಳ್ಳಬೇಡಿ. ಓ.ಟಿ.ಪಿ., ಗುಪ್ತಪದಗಳನ್ನು ಯಾರಿಗೂ ಹೇಳಬೇಡಿ.

3. ಸಚಿವರು, ಉದ್ಯಮಿಗಳು ಮಾತಾಡುವಂತೆ ಕಾಣುವ ಜಾಹೀರಾತಿನ ವಿಡಿಯೊ ಕೃತಕವಾಗಿರಬಹುದು, ನಂಬಬೇಡಿ.

4. ಬೆಳೆಸಾಲ, ಮನೆಯ ಬಂಗಾರ ಈ ದಾರಿ ಹಿಡಿಯದಿರಲಿ.

5. ಮೋಸವಾಗಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ದೂರು ಕೊಡಿ. ಹಣ ಇನ್ನೂ ಬ್ಯಾಂಕಿನಲ್ಲೇ ಇದ್ದರೆ ತಡೆಹಿಡಿಯಬಹುದು. "ಶುಲ್ಕ ಕೊಟ್ಟರೆ ಹೋದ ಹಣ ತಂದುಕೊಡುತ್ತೇನೆ" ಎನ್ನುವವನು ಎರಡನೆಯ ಕಳ್ಳ.

1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಸದಸ್ಯರು ಒಬ್ಬರನ್ನೊಬ್ಬರು ಮುಖ ನೋಡಿ ಬಲ್ಲವರಾಗಿದ್ದರು. ಸಹಕಾರದ ಬಲ ಅದೇ. ಇಂಥ ಆಮಿಷ ಬಂದಾಗ ಹಣ ಕಳಿಸುವ ಮುನ್ನ ಒಮ್ಮೆ ಸಂಘದ ಕಚೇರಿಗೆ ಬಂದು ಹೋಗಿ. ಕೇಳುವುದಕ್ಕೆ ಶುಲ್ಕವಿಲ್ಲ.

- ಕಾರ್ಯದರ್ಶಿ