ಎರಡು ಸಮವಸ್ತ್ರ, ಒಂದೇ ಕ್ಯಾಲೆಂಡರು

ಕಳೆದ ತಿಂಗಳು ದಮ್ಮಾಮ್‌ನಿಂದ ಬರುವ ನೆಂಟರನ್ನು ಕರೆತರಲು ಬಜ್ಪೆಗೆ ಹೋಗಿದ್ದೆವು. ವಿಮಾನ ತಡವಾಗಿತ್ತು. ಜೊತೆಗಿದ್ದ ಪಿಯುಸಿ ಹುಡುಗ ಮೊಬೈಲಿನಿಂದ ತಲೆಯೆತ್ತಿ ಕೇಳಿದ: "ಮಾಮ, ಅಮೆರಿಕದಲ್ಲಿ ಏರ್‌ಲೈನ್ಸ್ ಪೈಲಟ್ ಆಗಿದ್ದುಕೊಂಡೇ ಏರ್‌ಫೋರ್ಸಿನಲ್ಲೂ ವಿಮಾನ ಹಾರಿಸ್ತಾರಂತೆ. ಎರಡೂ ಒಟ್ಟಿಗೆ. ಹೌದಾ? ಇಲ್ಲಿಯೂ ಆಗ್ತದಾ?"

ನಾವು ಆಗ "ನೋಡುವ" ಎಂದು ಹೇಳಿ ಜಾರಿಕೊಂಡೆವು. ಆದರೆ ಪ್ರಶ್ನೆ ಬಿಡಲಿಲ್ಲ. ಒಂದು ಕಾಲದಲ್ಲಿ ನಮ್ಮವರು ವಿಮಾನ ಹತ್ತಿದ್ದು ಗಲ್ಫಿಗೆ ದುಡಿಯಲು ಹೋಗುವುದಕ್ಕೆ. ಈಗ ಅದೇ ಮನೆಗಳ ಮಕ್ಕಳಿಗೆ ಕಾಕ್‌ಪಿಟ್ಟಿನಲ್ಲಿ ಕೂರುವ ಆಸೆ. ಆ ಆಸೆಗೆ ಬೀಳುವ ಖರ್ಚು ಸಣ್ಣದಲ್ಲ. ಉಪ್ಪನ ಉಳಿತಾಯ, ಉಮ್ಮನ ಬಂಗಾರ, ಕೆಲವೊಮ್ಮೆ ಮನೆಯ ಜಾಗ ಕೂಡ ಅದಕ್ಕೆ ಹೋಗುತ್ತದೆ. ಹಾಗಾಗಿ ಮಕ್ಕಳು ಇಂಥ ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಕೊಡಬೇಕಾದದ್ದು ನಮ್ಮ ಕೆಲಸ. ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹುಡುಗ ಕೇಳಿದ್ದು ನಿಜ. ಅಮೆರಿಕದಲ್ಲಿ ವಾಯುಪಡೆಯ ಜೊತೆಗೆ ಏರ್ ನ್ಯಾಷನಲ್ ಗಾರ್ಡ್, ಏರ್ ಫೋರ್ಸ್ ರಿಸರ್ವ್ ಎಂಬ ಎರಡು ಪಡೆಗಳಿವೆ. ಇವುಗಳಲ್ಲಿ ಅರೆಕಾಲಿಕವಾಗಿ ದುಡಿಯುವವರು ಬಹಳ ಮಂದಿ. ಶಿಕ್ಷಕರು, ಪೊಲೀಸರು, ಮೆಕ್ಯಾನಿಕ್‌ಗಳು ಇದ್ದಾರೆ. ಪೈಲಟ್‌ಗಳಲ್ಲಿ ಅನೇಕರು ಏರ್‌ಲೈನ್ಸಿನವರು. ಗಾರ್ಡ್ ಪಡೆ ರಾಜ್ಯಕ್ಕೆ ಸೇರಿದ್ದು. ಸಾಮಾನ್ಯ ದಿನಗಳಲ್ಲಿ ರಾಜ್ಯದ ಗವರ್ನರ್ ಅದನ್ನು ಕರೆಯಬಹುದು, ಯುದ್ಧ ಬಂದರೆ ದೇಶವೇ ಕರೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಎದ್ದಾಗ ಗಾರ್ಡ್‌ನ ಸಿ-130 ವಿಮಾನಗಳಿಗೆ ಸುಮಾರು 11,000 ಲೀಟರ್ ಹಿಡಿಯುವ ಟ್ಯಾಂಕ್ ಕೂರಿಸಿ, ಬೆಂಕಿಯ ದಾರಿಯಲ್ಲಿ ದ್ರಾವಣ ಸುರಿಯುತ್ತಾರೆ. ಹಿಂದಿನ ವಾರ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಿದವನೇ ಈ ವಾರ ಹೊಗೆಯ ಮೇಲೆ ಇರಬಹುದು.

"ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ" ಎನ್ನುವುದು ಅಲ್ಲಿ ಈ ಸೇವೆಯ ಬಗ್ಗೆ ಎಲ್ಲರೂ ಹೇಳುವ ಮಾತು. ಕಾಗದದ ಮೇಲೆ ಲೆಕ್ಕ ಹಾಗೆಯೇ ಇದೆ: ವರ್ಷಕ್ಕೆ 48 ತರಬೇತಿ ಅವಧಿಗಳು, ಮೇಲೆ 15 ದಿನ. ಆದರೆ ಪೈಲಟ್‌ಗೆ ಇಷ್ಟು ಸಾಲದು. ರಾತ್ರಿ ಹಾರಾಟ, ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವುದು, ಸಿಮ್ಯುಲೇಟರ್ ಪರೀಕ್ಷೆ, ಇದ್ಯಾವುದೂ ಎರಡು ದಿನಕ್ಕೆ ಮುಗಿಯುವಂಥದ್ದಲ್ಲ. ಅಭ್ಯಾಸ ತಪ್ಪಿದರೆ ಹಾರಲು ಬಿಡುವುದಿಲ್ಲ. ಆದ್ದರಿಂದ ಏರ್‌ಲೈನಿನ ರಜೆಯ ದಿನಗಳಲ್ಲೂ ಅವರು ನೆಲೆಗೆ ಹೋಗುತ್ತಾರೆ.

ಹಾಗಾದರೆ ಕಂಪನಿ ಇದನ್ನು ಹೇಗೆ ಸಹಿಸುತ್ತದೆ? ಸಹಿಸುವುದಲ್ಲ, ಅಲ್ಲಿ ಕಾನೂನು ಇದೆ. 1994ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿತು. ಸೈನಿಕ ಸೇವೆಗೆ ಹೋದ ನೌಕರನ ಕೆಲಸವನ್ನು ಉಳಿಸಿಡಬೇಕು, ಆ ಸೇವೆಯ ಕಾರಣಕ್ಕೆ ಬಡ್ತಿ ತಪ್ಪಿಸಬಾರದು, ಕೆಲಸಕ್ಕೆ ಸೇರಿಸಿಕೊಳ್ಳದೆ ಇರಬಾರದು. ನೌಕರ ಅನುಮತಿ ಬೇಡಬೇಕಿಲ್ಲ, ಮುಂಚಿತವಾಗಿ ತಿಳಿಸಿದರೆ ಸಾಕು. ಒಂದೇ ಕಂಪನಿಯಿಂದ ಒಟ್ಟು ಐದು ವರ್ಷದವರೆಗೆ ಹೀಗೆ ಹೋಗಬಹುದು. ವಾರಾಂತ್ಯದ ತರಬೇತಿ, ಯುದ್ಧಕಾಲದ ಕಡ್ಡಾಯ ಕರೆ ಆ ಲೆಕ್ಕಕ್ಕೆ ಬರುವುದಿಲ್ಲ.

ಇದರಲ್ಲಿ ಪೈಲಟ್‌ಗೆ ಮುಖ್ಯವಾದದ್ದು ಸೀನಿಯಾರಿಟಿ. ಅಮೆರಿಕದ ದೊಡ್ಡ ಏರ್‌ಲೈನ್‌ಗಳಲ್ಲಿ ಎಲ್ಲವೂ ಸೀನಿಯಾರಿಟಿ ನಂಬರಿನ ಮೇಲೆ ನಿಂತಿದೆ. ಯಾವ ಊರಿನಿಂದ ಹಾರುವುದು, ಯಾವ ವಿಮಾನ, ಯಾವ ದಿನ ರಜೆ, ಯಾವಾಗ ಕ್ಯಾಪ್ಟನ್, ಎಲ್ಲವೂ ಆ ನಂಬರಿನಿಂದಲೇ. ಆರು ತಿಂಗಳು ಸೇನೆಯಲ್ಲಿದ್ದು ಬಂದವನಿಗೆ ಆ ಆರು ತಿಂಗಳೂ ಕಂಪನಿಯಲ್ಲೇ ಇದ್ದಂತೆ ನಂಬರು ಕೊಡಬೇಕು ಎನ್ನುತ್ತದೆ ಕಾಯ್ದೆ. ಎಸ್ಕಲೇಟರ್‌ನಿಂದ ಇಳಿದು ಹೋದವನು ಹಿಂತಿರುಗಿದಾಗ ಇಳಿದ ಮೆಟ್ಟಿಲಿಗಲ್ಲ, ಅಷ್ಟರಲ್ಲಿ ಆ ಮೆಟ್ಟಿಲು ಎಷ್ಟು ಮೇಲೆ ಹೋಗಿದೆಯೋ ಅಲ್ಲಿಗೆ ಹತ್ತಬೇಕು ಎಂದು ಅಲ್ಲಿನವರು ಇದನ್ನು ವಿವರಿಸುತ್ತಾರೆ. ಊರಿಗೆ ಬಂದು ಆರು ತಿಂಗಳು ನಿಂತರೆ ವೀಸಾವೇ ರದ್ದಾಗುವ ಗಲ್ಫಿನ ಕೆಲಸ ನೋಡಿದ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಲಾಭಗಳು ಇನ್ನೂ ಇವೆ. 2009ರ ಫೆಬ್ರವರಿಯಲ್ಲಿ ಬಫಲೋ ನಗರದ ಬಳಿ ಸಣ್ಣ ಪ್ರಯಾಣಿಕ ವಿಮಾನವೊಂದು ಬಿದ್ದು 50 ಮಂದಿ ತೀರಿಕೊಂಡರು. ಅದರ ನಂತರ ಬಂದ ನಿಯಮದಂತೆ ಅಲ್ಲಿ ಏರ್‌ಲೈನಿನ ಕೋ-ಪೈಲಟ್ ಆಗಲಿಕ್ಕೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕು. ಸೇನೆಯಲ್ಲಿ ತರಬೇತಿ ಪಡೆದ ಪೈಲಟ್‌ಗೆ 750 ಗಂಟೆ ಸಾಕು. ಏರ್‌ಲೈನ್‌ಗೆ ಕೆಟ್ಟ ಕಾಲ ಬಂದು ಪೈಲಟ್‌ಗಳನ್ನು ಮನೆಗೆ ಕಳಿಸಿದಾಗ, 2001ರ ಸೆಪ್ಟೆಂಬರ್ ನಂತರ ಆದ ಹಾಗೆ, ಸೇನೆಯ ಕೆಲಸ ಅನ್ನ ಕೊಡುತ್ತದೆ. 20 ವರ್ಷ ಪೂರೈಸಿದರೆ ಪಿಂಚಣಿಯೂ ಉಂಟು; ಆದರೆ ಕೈಗೆ ಬರುವುದು ಸಾಮಾನ್ಯವಾಗಿ 60ರ ವಯಸ್ಸಿಗೆ.

ಇನ್ನು ಕಷ್ಟದ ಭಾಗ. ಒಳಗೆ ಹೋಗುವುದೇ ಸುಲಭವಲ್ಲ. ಗಾರ್ಡ್ ಘಟಕ ತನ್ನ ಪೈಲಟ್‌ಗಳನ್ನು ತಾನೇ ಸಂದರ್ಶನ ಮಾಡಿ ಆರಿಸುತ್ತದೆ. ಆಮೇಲೆ ಸುಮಾರು ಒಂದು ವರ್ಷ ಪೂರ್ಣಾವಧಿ ತರಬೇತಿ, ಅದು ಮುಗಿದ ಮೇಲೆ ಹತ್ತು ವರ್ಷದ ಕರಾರು. ಮಧ್ಯದಲ್ಲಿ "ಸಾಕಾಯಿತು" ಎನ್ನುವ ಹಾಗಿಲ್ಲ. ಸೇನೆಗೆ ಹೋದ ದಿನಗಳಿಗೆ ಕಂಪನಿ ಸಂಬಳ ಕೊಡಲೇಬೇಕು ಎಂದು ಕಾಯ್ದೆ ನೇರವಾಗಿ ಹೇಳಿಲ್ಲ. ದೊಡ್ಡ ವಿಮಾನದ ಪೈಲಟ್‌ಗೆ ಎಷ್ಟೋ ಸಲ ಆ ದಿನಗಳಲ್ಲಿ ಕೈಗೆ ಬರುವುದು ಕಡಿಮೆ. ಅವನು ಬಿಟ್ಟು ಹೋದ ಹಾರಾಟವನ್ನು ಸಹೋದ್ಯೋಗಿ ತುಂಬಬೇಕು. ಎರಡು ಬೇರೆ ವಿಮಾನ, ಎರಡು ಚೆಕ್‌ಲಿಸ್ಟ್, ಎರಡು ಕಡೆಯ ಪರೀಕ್ಷೆ. ದಣಿವು ಮಾತ್ರ ಒಂದೇ ಮೈಗೆ. ಪ್ರತಿ ಹಾರಾಟದ ಮುಂಚೆ "ನಾನು ಕರ್ತವ್ಯಕ್ಕೆ ಸಮರ್ಥನಿದ್ದೇನೆ" ಎಂದು ಪೈಲಟ್ ತಾನೇ ದೃಢೀಕರಿಸಬೇಕು ಎನ್ನುವುದು ಅಲ್ಲಿನ ವಿಮಾನಯಾನ ನಿಯಮ. ನಿನ್ನೆ ರಾತ್ರಿ ಎಲ್ಲಿದ್ದೆ ಎಂಬುದು ಅವನಿಗೆ ಮಾತ್ರ ಗೊತ್ತು.

ಮನೆಯವರ ಪಾಲು ಬೇರೆಯೇ. ಕಂಪನಿಯ ರೋಸ್ಟರ್ ಒಂದು, ಸೇನೆಯದು ಇನ್ನೊಂದು. ಎರಡರಲ್ಲೂ ಖಾಲಿ ಉಳಿದ ಚೌಕಗಳಷ್ಟೇ ಹೆಂಡತಿ ಮಕ್ಕಳಿಗೆ. ಕರೆ ಬಂದರೆ ತಿಂಗಳುಗಟ್ಟಲೆ ಪರದೇಶ. ಅಪ್ಪನನ್ನು ಕ್ಯಾಲೆಂಡರಿನಲ್ಲಿ ಹುಡುಕುವ ಮಕ್ಕಳ ಪಾಡು ನಮ್ಮ ಕರಾವಳಿಯ ಮನೆಗಳಿಗೆ ವಿವರಿಸಿ ಹೇಳಬೇಕಾ?

ಈಗ ಹುಡುಗನ ಎರಡನೇ ಪ್ರಶ್ನೆ: ಇಲ್ಲಿ ಆಗ್ತದಾ? ಒಂದು ಕಾಲದಲ್ಲಿ ಇತ್ತು ಎಂದರೆ ನಂಬುತ್ತೀರಾ? 1952ರ ಕಾಯ್ದೆಯೊಂದರ ಅಡಿಯಲ್ಲಿ ನಮ್ಮ ದೇಶದಲ್ಲೂ ಸಹಾಯಕ ವಾಯುಪಡೆ ಹುಟ್ಟಿತ್ತು. ದೆಹಲಿ, ಮುಂಬೈ, ಮದ್ರಾಸ್ ಮುಂತಾದ ನಗರಗಳಲ್ಲಿ ಅದರ ಸ್ಕ್ವಾಡ್ರನ್‌ಗಳಿದ್ದವು. ಬೇರೆ ಉದ್ಯೋಗದಲ್ಲಿದ್ದವರು ಬಿಡುವಿನಲ್ಲಿ ಬಂದು ಹಾರುತ್ತಿದ್ದರು. 1960ರ ದಶಕದಲ್ಲಿ ಅವು ಖಾಯಂ ವಾಯುಪಡೆಯಲ್ಲಿ ಸೇರಿಹೋದವು. ಇವತ್ತು ಏರ್‌ಲೈನ್ ಪೈಲಟ್ ಒಬ್ಬ ವಾರಾಂತ್ಯದಲ್ಲಿ ಹೋಗಿ ವಾಯುಪಡೆಯ ವಿಮಾನ ಹಾರಿಸುವ ದಾರಿ ಇಲ್ಲಿ ಇಲ್ಲ. ಅಮೆರಿಕಕ್ಕೆ ಹಾರಾಟ ಕಲಿಯಲು ಹೋದರೆ ಅಲ್ಲಿ ಗಾರ್ಡ್ ಸೇರಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಅಧಿಕಾರಿಯಾಗಲು ಅಮೆರಿಕದ ಪೌರತ್ವ ಬೇಕು; ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಆ ಬಾಗಿಲು ತೆರೆಯುವುದಿಲ್ಲ.

ಇಲ್ಲಿ ಎರಡೂ ಬೇಕೆಂದರೆ ಒಂದರ ನಂತರ ಒಂದು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು. ಪಿಯುಸಿ ಮುಗಿಸಿ ಎನ್‌ಡಿಎ ಬರೆಯಬಹುದು. ಪದವಿಯ ನಂತರ 20ರಿಂದ 24ರ ವಯಸ್ಸಿನೊಳಗೆ ಎಎಫ್‌ಕ್ಯಾಟ್ ಬರೆದು ಹಾರಾಟ ವಿಭಾಗಕ್ಕೆ 14 ವರ್ಷದ ಶಾರ್ಟ್ ಸರ್ವಿಸ್ ಕಮಿಷನ್ ಪಡೆಯಬಹುದು. ಹುಡುಗಿಯರಿಗೂ ಅವಕಾಶ ಉಂಟು. ತರಬೇತಿಗೆ ಮನೆಯ ಜಾಗ ಮಾರಬೇಕಿಲ್ಲ, ಸರಕಾರವೇ ಕಲಿಸುತ್ತದೆ. 14 ವರ್ಷ ಮುಗಿಸಿ ಹೊರಬಂದಾಗ ವಯಸ್ಸು 40ರ ಆಸುಪಾಸು. ನಾಗರಿಕ ಲೈಸೆನ್ಸ್ ಮಾಡಿಸಿಕೊಂಡು ಏರ್‌ಲೈನ್ ಸೇರಿದವರು ಎಷ್ಟೋ ಮಂದಿ. ಸ್ವಂತ ದುಡ್ಡಿನಲ್ಲಿ 200 ಗಂಟೆ ಹಾರಿ ಕಮರ್ಷಿಯಲ್ ಲೈಸೆನ್ಸ್ ಪಡೆದವರಿಗೂ ವಾಯುಪಡೆಯ ಬಾಗಿಲು ಕೂಡಲೇ ಮುಚ್ಚುವುದಿಲ್ಲ. ಅವರಿಗೆ ವಯಸ್ಸಿನ ಮಿತಿ 26ರವರೆಗೆ ಸಡಿಲ.

ಮೊನ್ನೆ ಹುಡುಗನನ್ನು ಕೂರಿಸಿ ಇಷ್ಟನ್ನೂ ಹೇಳಿದೆವು. ಅಮೆರಿಕದ ಕಥೆಗೆ ಮುಖ ಸ್ವಲ್ಪ ಬಾಡಿತು. ಮತ್ತೆ ಬೆರಳು ಮಡಚಿ ಎಣಿಸಿದ. "ಮಾಮ, ನನಗೀಗ 17. ಎಎಫ್‌ಕ್ಯಾಟಿಗೆ ಇನ್ನೂ ಟೈಮ್ ಉಂಟಲ್ಲ?"

ಉಂಟು. ಆದರೆ ಅವನ ಉಪ್ಪ ಜಾಗದ ಪತ್ರ ಹಿಡಿದು ಬ್ಯಾಂಕಿಗೆ ಹೋಗುವ ಮೊದಲು, ಅವನು ಒಂದು ಸಲವಾದರೂ ಆ ಪರೀಕ್ಷೆ ಬರೆದು ನೋಡಲಿ ಎನ್ನುವುದು ನಮ್ಮ ಆಸೆ.